ಬುಟ್ಟಿ ಕೊಂಡವರ ಹೊಣೆ

ಹಣದ ಮಾತು ನಮ್ಮ ಜನರಲ್ಲಿ ಸಾಮಾನ್ಯವಾಗಿ ಎರಡು ಬಗೆಯಲ್ಲಿ ನಡೆಯುತ್ತದೆ. ಸಾಲದೆಂಬ ಗೋಳು ಒಂದು. ಎಲ್ಲಿಟ್ಟರೆ ಎಷ್ಟು ವರ್ಷಕ್ಕೆ ಎಷ್ಟಾದೀತೆಂಬ ಲೆಕ್ಕ ಇನ್ನೊಂದು. ಇಟ್ಟ ಹಣ ನಮ್ಮ ಕೈಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾವ ಕೆಲಸ ಮಾಡುತ್ತದೆ ಎಂಬ ಮೂರನೆಯ ಮಾತು ಅಪರೂಪ. ಬ್ಯಾಂಕಿನಲ್ಲಿ ಠೇವಣಿ ಇಟ್ಟವನು ಆ ಹಣವನ್ನು ಬ್ಯಾಂಕು ಯಾರಿಗೆ ಸಾಲ ಕೊಟ್ಟಿತೆಂದು ಕೇಳುವುದಿಲ್ಲ, ಕೇಳಿದರೂ ಹೇಳುವವರಿಲ್ಲ. ಆದರೆ ಪಗಾರವನ್ನೇ ನಂಬಿ ಬದುಕುವ ನಮ್ಮಂಥವರ ನಡುವೆ ಈಚೆಗೆ ಹಬ್ಬುತ್ತಿರುವ ಉಳಿತಾಯದ ಒಂದು ವಿಧಾನವು ಈ ಮೂರನೆಯ ಮಾತನ್ನು ತಪ್ಪಿಸಿಕೊಳ್ಳಲಾಗದಂತೆ ನಮ್ಮೆದುರು ತಂದು ನಿಲ್ಲಿಸಿದೆ ಎಂದು ನಮಗೆ ತೋರುತ್ತದೆ. ಅದು ಎಕ್ಸ್‌ಚೇಂಜ್ ಟ್ರೇಡೆಡ್ ಫಂಡ್, ಅಂದರೆ ಇಟಿಎಫ್.

ಹೆಸರು ದೊಡ್ಡದಾದರೂ ವಸ್ತು ಸರಳವಾದುದು. ದಾದರಿನ ಮಾರುಕಟ್ಟೆಯಲ್ಲಿ ಒಂದೊಂದೇ ತರಕಾರಿಯನ್ನು ಹೆಕ್ಕಿ, ಚೌಕಾಸಿ ಮಾಡಿ ಕೊಳ್ಳುವ ಬದಲು, ಐವತ್ತು ಬಗೆಯ ತರಕಾರಿಯನ್ನು ಗೊತ್ತಾದ ಪ್ರಮಾಣದಲ್ಲಿ ತುಂಬಿಟ್ಟ ಒಂದು ಬುಟ್ಟಿಯಲ್ಲಿ ಸಣ್ಣದೊಂದು ಪಾಲನ್ನು ಕೊಂಡಂತೆ. ಬುಟ್ಟಿಯಲ್ಲಿ ಏನಿರಬೇಕೆಂದು ನಿರ್ಧರಿಸುವುದು ಅಂಗಡಿಯವನ ಇಷ್ಟವಲ್ಲ, ಸೂಚ್ಯಂಕ. ನಿಫ್ಟಿಯ ಇಟಿಎಫ್ ಕೊಂಡರೆ ನಿಫ್ಟಿಯ ಐವತ್ತು ಕಂಪನಿಗಳೂ ಅವವುಗಳ ಗಾತ್ರಕ್ಕೆ ತಕ್ಕಂತೆ ನಮ್ಮ ಪಾಲಿಗೆ ಬರುತ್ತವೆ. ಮಾಮೂಲು ಮ್ಯೂಚುವಲ್ ಫಂಡಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇದನ್ನು ಪೇಟೆ ತೆರೆದಿರುವ ಹೊತ್ತಿನಲ್ಲಿ ಷೇರಿನಂತೆಯೇ ಕೊಂಡು ಮಾರಬಹುದು. ಒಂದು ಯುನಿಟ್ಟಾದರೂ ಸರಿ. ಇಂಥ ಬುಟ್ಟಿ ಅಮೆರಿಕದ ಪೇಟೆಗೆ ಬಂದುದು 1993ರಲ್ಲಿ. ನಮ್ಮಲ್ಲಿ ಮೊದಲನೆಯದು 2002ರ ಜನವರಿಯಲ್ಲಿ, ಇದೇ ಮುಂಬಯಿಯ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ, ನಿಫ್ಟಿ ಬೀಸ್ ಎಂಬ ಹೆಸರಿನಿಂದ. 2007ರಲ್ಲಿ ಚಿನ್ನದ್ದೂ ಬಂದಿತು. ಆಗ ಝವೇರಿ ಬಝಾರಿನ ಮೆಟ್ಟಿಲು ಹತ್ತದೆಯೇ ಚಿನ್ನ ಕೊಳ್ಳುವುದೆಂದರೆ ಏನೆಂದು ನಮ್ಮ ಮನೆಗಳ ಹೆಂಗಸರು ನಕ್ಕಿದ್ದುಂಟು. ಕೊರಳಿಗೆ ಹಾಕಿಕೊಳ್ಳಲಾಗದ ಚಿನ್ನ ಅದೆಂಥ ಚಿನ್ನ ಎಂಬ ಅವರ ಪ್ರಶ್ನೆಗೆ ಇಂದಿಗೂ ಸಮರ್ಪಕವಾದ ಉತ್ತರ ದೊರೆತಿಲ್ಲ!

ಮುಂಬಯಿಯ ಕನ್ನಡಿಗರಿಗೆ ಉಳಿತಾಯ ಹೊಸತಲ್ಲ. ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈಯವರು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯ ಸಂಸ್ಕಾರ ಕರಾವಳಿಯವರೊಡನೆ ಈ ನಗರಕ್ಕೂ ಬಂದಿತು. ದಿನಕ್ಕೆ ಎರಡಾಣೆಯಿಂದ ಮೊದಲಾದ ಆ ಪದ್ಧತಿ ಎಷ್ಟೋ ಹೋಟೆಲು ಕಾರ್ಮಿಕರ ಮನೆಗಳಿಗೆ ಹಂಚು ಹೊದಿಸಿದೆ. ಆಮೇಲೆ ಬಂದುದು ಯುನಿಟ್ ಟ್ರಸ್ಟು. 1964ರಲ್ಲಿ ಹೊರಟ ಅದರ ಯುನಿಟ್ ಸ್ಕೀಮ್ 64, ನಮ್ಮ ಹಿಂದಿನ ತಲೆಮಾರಿನ ಸರಕಾರಿ ನೌಕರರಿಗೆ ಅಂಚೆ ಕಚೇರಿಯ ಪಾಸುಬುಕ್ಕಿನಷ್ಟೇ ನಂಬಿಕೆಯ ವಸ್ತುವಾಗಿತ್ತು. ಅದೂ ಒಂದು ಬುಟ್ಟಿಯೇ. ಆದರೆ ಮುಚ್ಚಿದ ಬುಟ್ಟಿ. ಒಳಗಿರುವ ಷೇರುಗಳ ನಿಜವಾದ ಬೆಲೆ ಎಷ್ಟೆಂಬುದನ್ನು ಕೊಂಡವರಿಗೆ ತಿಳಿಸುತ್ತಿರಲಿಲ್ಲ. ಯುನಿಟ್ಟಿನ ಬೆಲೆಯನ್ನು ಮೇಲಿನವರು ಗೊತ್ತುಮಾಡುತ್ತಿದ್ದರು. 2001ರ ಜುಲೈಯಲ್ಲಿ ಅದರ ಮಾರಾಟವನ್ನೂ ಮರುಖರೀದಿಯನ್ನೂ ನಿಲ್ಲಿಸಿದಾಗ ಮುಚ್ಚಳ ತೆರೆಯಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟು ಕುಳಿತಿದ್ದ ಹಿರಿಯರ ಮುಖಗಳನ್ನು ಕಂಡವರು ಅದನ್ನು ಮರೆತಿಲ್ಲ.

ಇಟಿಎಫಿನ ಮೊದಲ ಗುಣ ಇದಕ್ಕೆ ವಿರುದ್ಧವಾದುದು. ಇದು ತೆರೆದ ಬುಟ್ಟಿ. ಯಾವ ಕಂಪನಿ, ನೂರಕ್ಕೆ ಎಷ್ಟು ಎಂಬ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ವಿಚಾರಕ್ಕೆ ಇದೇ ಮೂಲಬಿಂದು. ಒಳಗೇನಿದೆ ಎಂದು ತಿಳಿಯುವಂತಿಲ್ಲದಿದ್ದಾಗ ತಿಳಿಯಲಿಲ್ಲವೆಂದು ಹೇಳಿಕೊಳ್ಳಬಹುದಾಗಿತ್ತು. ಪಟ್ಟಿ ಕಣ್ಣೆದುರಿಗಿರುವಾಗ ಆ ಮಾತು ನಡೆಯದು.

ಆ ಕಡೆಗೆ ಹೋಗುವ ಮುನ್ನ, ನಮ್ಮಂಥ ಕೇಂದ್ರ ಸರಕಾರದ ಕಾರಕೂನರಿಗೆ ಈ ಬುಟ್ಟಿ ಏಕೆ ಒಪ್ಪುತ್ತದೆಂಬುದನ್ನು ಹೇಳಬೇಕು. 2004ರ ಜನವರಿ 1ರ ನಂತರ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಹೊಸ ವ್ಯವಸ್ಥೆಯಲ್ಲಿ ನಮ್ಮ ಪಗಾರದ ಒಂದಂಶ ತಾನಾಗಿಯೇ ಪೇಟೆಗೆ ಹೋಗುತ್ತದೆ. 2025ರ ಏಪ್ರಿಲಿನಿಂದ ಏಕೀಕೃತ ಪಿಂಚಣಿ ಎಂಬ ಇನ್ನೊಂದು ದಾರಿ ತೆರೆದಿದೆಯಾದರೂ, ಇಪ್ಪತ್ತೈದು ವರ್ಷ ಸೇವೆ ಮುಗಿಸಿದವನಿಗೆ ಅದು ಕೊಡುವುದು ಕೊನೆಯ ಹನ್ನೆರಡು ತಿಂಗಳ ಮೂಲವೇತನದ ಸರಾಸರಿಯ ಅರ್ಧವನ್ನು. ಡೊಂಬಿವಲಿಯಲ್ಲಿಯೋ ವಿರಾರಿನಲ್ಲಿಯೋ ಒಂದು ಖೋಲಿ, ಮಕ್ಕಳ ಕಾಲೇಜು, ಊರಿನಲ್ಲಿ ವಯಸ್ಸಾದ ತಾಯಿತಂದೆ, ಇಷ್ಟರ ಮೇಲೆ ಏನಾದರೂ ಉಳಿದರೆ ಅದನ್ನು ಬೆಲೆಯೇರಿಕೆ ನುಂಗದಂತೆ ಕಾಪಾಡುವುದು ದುರಾಸೆಯಲ್ಲ, ಕರ್ತವ್ಯ. ದುಡಿಯದೆ ಬಂದ ಹಣವನ್ನು ಮುಟ್ಟಬಾರದೆಂದು ಕಾಯಕದ ಹೆಸರಿನಲ್ಲಿ ಹೇಳುವ ಗೆಳೆಯರು ನಮ್ಮಲ್ಲಿದ್ದಾರೆ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬಾ ಎಂದಳೆಂಬ ಕತೆಯನ್ನು ಅವರು ನೆನಪಿಸುತ್ತಾರೆ. ಕತೆ ದೊಡ್ಡದು, ಅಲ್ಲಗಳೆಯುವುದಿಲ್ಲ. ಆದರೆ ಲಕ್ಕಮ್ಮನಿಗೆ ನಾಳೆಯೂ ಅಂಗಳದಲ್ಲಿ ಅಕ್ಕಿ ಬಿದ್ದಿರುತ್ತದೆಂಬ ಭರವಸೆಯಿತ್ತು. ಅರುವತ್ತರ ಮೇಲೆ ಮುಂಬಯಿಯ ಬಾಡಿಗೆ ಮನೆಯಲ್ಲಿ ಅಂಥ ಭರವಸೆ ಯಾರಿಗಿದೆ?

ಇನ್ನು ನಿಯಮದ ಮಾತು. 1964ರ ನಮ್ಮ ನಡತೆ ನಿಯಮಗಳ 16ನೆಯ ನಿಯಮ, ಸರಕಾರಿ ನೌಕರನು ಯಾವುದೇ ಷೇರು ಅಥವಾ ಹೂಡಿಕೆಯಲ್ಲಿ ಸಟ್ಟಾ ಆಡಕೂಡದೆಂದು ಹೇಳುತ್ತದೆ. ಮತ್ತೆ ಮತ್ತೆ ಕೊಂಡು ಮಾರುವುದನ್ನೂ ಸಟ್ಟಾ ಎಂದೇ ಎಣಿಸುತ್ತದೆ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಷೇರು, ಡಿಬೆಂಚರು, ಮ್ಯೂಚುವಲ್ ಫಂಡು ಇತ್ಯಾದಿಗಳ ವ್ಯವಹಾರ ಆರು ತಿಂಗಳ ಮೂಲವೇತನವನ್ನು ಮೀರಿದರೆ ಕಚೇರಿಗೆ ತಿಳಿಸಬೇಕೆಂದು 2019ರಲ್ಲಿ ಗೊತ್ತುಮಾಡಿದರು. ಅನೇಕರು ಇದನ್ನು ತಲೆನೋವೆಂದು ಬಗೆಯುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ. ಚರ್ಚ್‌ಗೇಟಿಗೆ ಬರುವ ಬೆಳಗಿನ ಲೋಕಲಿನಲ್ಲಿ ಕಂಬಿ ಹಿಡಿದು ನೇತಾಡುತ್ತಲೇ ಇನ್ನೊಂದು ಕೈಯಲ್ಲಿ ಫೋನು ಒತ್ತಿ ಆಪ್ಷನ್ನು ಆಡುವ ಹುಡುಗರನ್ನು ದಿನವೂ ಕಾಣುತ್ತೇವೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಆ ವಾಯಿದೆ ಪೇಟೆಯಲ್ಲಿ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕದ್ದೆಂದೂ ಸೆಬಿಯೇ 2024ರಲ್ಲಿ ಪ್ರಕಟಿಸಿತು. ಈ ಜಾತ್ರೆಯಿಂದ ನಮ್ಮನ್ನು ದೂರವಿಟ್ಟ 16ನೆಯ ನಿಯಮಕ್ಕೆ ಒಂದು ನಮಸ್ಕಾರ ಸಲ್ಲಬೇಕು.

ಬುಟ್ಟಿಯನ್ನು ಕೊಂಡು ಸುಮ್ಮನೆ ಇಟ್ಟುಕೊಳ್ಳುವವನು ಸಟ್ಟಾಗಾರನಲ್ಲ. ಈ ತತ್ವವನ್ನು ಜನಸಾಮಾನ್ಯರಿಗೆ ತಂದವರು ಅಮೆರಿಕದ ಜಾನ್ ಬಾಗಲ್; 1976ರಲ್ಲಿ ಅವರು ಸೂಚ್ಯಂಕ ನಿಧಿಯನ್ನು ತೆರೆದಾಗ ವಾಲ್ ಸ್ಟ್ರೀಟು ನಕ್ಕಿತು. ವಿಚಿತ್ರವೆಂದರೆ ಇಟಿಎಫನ್ನು ಕಂಡರೆ ಅವರಿಗೇ ಅಷ್ಟಕ್ಕಷ್ಟೆ. ಒಳ್ಳೆಯ ಬುಟ್ಟಿಯನ್ನು ದಿನವಿಡೀ ಮಾರುವಂತೆ ಮಾಡಿದರೆ ಜನ ಮತ್ತೆ ಸಟ್ಟಾಕ್ಕೇ ಇಳಿಯುತ್ತಾರೆಂದು ಅವರ ಆತಂಕ. ಲೋಕಲಿನ ಹುಡುಗರನ್ನು ಕಂಡರೆ ಆತಂಕ ಸುಳ್ಳಲ್ಲ.

ಖರ್ಚಿನ ಮಾತನ್ನೂ ಆಡಿ ಮುಗಿಸುವಾ. ನಿಫ್ಟಿಯ ದೊಡ್ಡ ಇಟಿಎಫ್‌ಗಳಲ್ಲಿ ನಡೆಸುವವರ ಖರ್ಚು ನೂರು ರೂಪಾಯಿಗೆ ವರ್ಷಕ್ಕೆ ಹತ್ತು ಪೈಸೆಯ ಒಳಗೇ ಇರುವುದುಂಟು. ಆಯ್ದು ಹೂಡುವ ಫಂಡುಗಳಲ್ಲಿ ಅದು ಒಂದೂವರೆ ರೂಪಾಯಿಯಾಗಬಹುದು. ಪದವಿಗೆಂದು ಕಲಿತ ಗಣಿತ ಕಾರಕೂನಿಕೆಯಲ್ಲಿ ಉಪಯೋಗಕ್ಕೆ ಬರುವುದು ಇಂಥಲ್ಲಿಯೇ. ಪೇಟೆ ವರ್ಷಕ್ಕೆ ಶೇಕಡಾ 11 ಬೆಳೆಯಿತೆಂದು ಬರಿಯ ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಒಂದು ಲಕ್ಷ ರೂಪಾಯಿ ಇಪ್ಪತ್ತೈದು ವರ್ಷಗಳಲ್ಲಿ ಮೊದಲನೆಯದರಲ್ಲಿ ಸುಮಾರು 13 ಲಕ್ಷ 28 ಸಾವಿರವಾಗುತ್ತದೆ, ಎರಡನೆಯದರಲ್ಲಿ 9 ಲಕ್ಷ 67 ಸಾವಿರ. ಬೆಳೆಯುವುದೆಂದು ಯಾರೂ ಬರೆದುಕೊಡುವುದಿಲ್ಲ. ಆದರೆ ಖರ್ಚು ಮಾತ್ರ, ಬೆಳೆಯಲಿ ಬಿಡಲಿ, ಕಡಿತವಾಗಿಯೇ ತೀರುತ್ತದೆ. ಜೊತೆಗೆ ಇನ್ನೊಂದನ್ನು ನೋಡಬೇಕು. ದಿನವೂ ಸಾಕಷ್ಟು ಕೊಡುಕೊಳ್ಳುವಿಕೆ ಇಲ್ಲದ ಇಟಿಎಫನ್ನು ಒಳಗಿನ ವಸ್ತುವಿನ ಬೆಲೆಗಿಂತ ಹೆಚ್ಚು ತೆತ್ತು ಕೊಂಡು, ಕಡಿಮೆಗೆ ಮಾರಬೇಕಾದೀತು. ನುಗ್ಗುನುಗ್ಗಲಿನಲ್ಲಿಯೂ ಹಾಗೆಯೇ: 2025ರ ಅಕ್ಟೋಬರಿನಲ್ಲಿ ಬೆಳ್ಳಿಯ ಇಟಿಎಫ್‌ಗಳಿಗೆ ಜನ ಬೆಳ್ಳಿಯ ಬೆಲೆಗಿಂತ ಸಾಕಷ್ಟು ಹೆಚ್ಚು ಕೊಟ್ಟರು. ಕೊಳ್ಳುವ ಮುನ್ನ ಯುನಿಟ್ಟಿನ ಒಳಮೌಲ್ಯವನ್ನೂ ಪೇಟೆಯ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಈಗ ಬುಟ್ಟಿಯ ಒಳಗೆ ಕೈ ಹಾಕೋಣ.

ನಿಫ್ಟಿಯ ಪಟ್ಟಿಯಲ್ಲಿ ಬ್ಯಾಂಕುಗಳಿವೆ, ನಮ್ಮ ಬೆಂಗಳೂರಿನ ಇನ್ಫೋಸಿಸ್ ಇದೆ, ಸಿಮೆಂಟು, ಔಷಧ, ಮೋಟಾರು ಎಲ್ಲ ಇವೆ. ಐಟಿಸಿಯೂ ಇದೆ. 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಎಂಬ ಹೆಸರಿನಿಂದ ಹುಟ್ಟಿದ ಈ ಕಂಪನಿ ಇಂದು ಗೋದಿಹಿಟ್ಟು, ಬಿಸ್ಕತ್ತು, ಕಾಗದವನ್ನೂ ಮಾರುತ್ತದೆ. ಆದರೂ ಲಾಭದ ಬಹುಪಾಲು ಬರುವುದು ಸಿಗರೇಟಿನಿಂದ. 2025ರಲ್ಲಿ ನಿಫ್ಟಿಯ ಬುಟ್ಟಿಗೆ ನೂರು ರೂಪಾಯಿ ಹಾಕಿದವನ ಮೂರು ರೂಪಾಯಿಗೂ ಮಿಕ್ಕಿ ಅಲ್ಲಿಗೆ ಹೋಗುತ್ತಿತ್ತು.

ಮುಂಬಯಿಯಲ್ಲಿದ್ದುಕೊಂಡು ಈ ಸಾಲನ್ನು ಓದುವುದು ಬೇರೆ, ಇನ್ನೆಲ್ಲೋ ಕುಳಿತು ಓದುವುದು ಬೇರೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ನಮಗೆ ಬರಿಯ ಹೆಸರಲ್ಲ. 1941ರಲ್ಲಿ ತೆರೆದ ಆ ಆಸ್ಪತ್ರೆಗೆ ಕರ್ನಾಟಕದ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ಊರಿನಿಂದ ಫೋನು ಬಂದರೆ ನಮ್ಮಲ್ಲಿ ಯಾರಾದರೊಬ್ಬರು ಅರ್ಧ ದಿನದ ರಜೆ ಹಾಕಿ ಹೋಗಿ, ಕೇಸ್ ಪೇಪರು ಮಾಡಿಸಿ, ಧರ್ಮಶಾಲೆಯಲ್ಲಿ ಜಾಗ ಹುಡುಕಿ, ಮರಾಠಿಯಾಗಲಿ ಹಿಂದಿಯಾಗಲಿ ಬಾರದ ಮುದುಕಿಗೆ ವೈದ್ಯರ ಮಾತನ್ನು ಕನ್ನಡದಲ್ಲಿ ಹೇಳಬೇಕಾಗುತ್ತದೆ. ಹೊರಗಿನ ಫುಟ್‌ಪಾತಿನಲ್ಲಿ ಚಾಪೆ ಹಾಸಿ ಮಲಗಿದವರಲ್ಲಿ ಬಾಯಿಗೆ, ಗಂಟಲಿಗೆ ಪಟ್ಟಿ ಕಟ್ಟಿಕೊಂಡವರು ಎಷ್ಟು ಮಂದಿ ಎಂದು ಎಣಿಸುವುದನ್ನು ನಾವು ಬಿಟ್ಟಿದ್ದೇವೆ. ಅವರಲ್ಲಿ ಹೆಚ್ಚಿನವರದು ಜರ್ದಾ, ಗುಟ್ಕಾ, ಬೀಡಿಯ ಚಟ, ಐಟಿಸಿ ಮಾರುವುದು ಸಿಗರೇಟು ಎಂದು ವಾದಿಸಬಹುದು. ಆ ವಾದವನ್ನು ಫುಟ್‌ಪಾತಿನ ಮೇಲೆ ನಿಂತು ಮಾಡಲು ಬಾಯಿ ಬರುವುದಿಲ್ಲ.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. 2017ರಲ್ಲಿ ಕೆಲವು ನಾಗರಿಕರು, ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡ ಮಹಾರಾಷ್ಟ್ರದ ಮಾಜಿ ಸಚಿವರೊಬ್ಬರ ಪತ್ನಿಯೂ ಸೇರಿ, ಮುಂಬಯಿ ಹೈಕೋರ್ಟಿಗೆ ಸಾರ್ವಜನಿಕ ಹಿತದ ಅರ್ಜಿ ಸಲ್ಲಿಸಿದರು. ಒಂದು ಕೈಯಿಂದ ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಚಿತ್ರ ಹಾಕಿಸುವ ಸರಕಾರ, ಇನ್ನೊಂದು ಕೈಯಿಂದ ಜೀವವಿಮಾ ನಿಗಮವೇ ಮೊದಲಾದ ತನ್ನ ವಿಮಾ ಸಂಸ್ಥೆಗಳ ಮೂಲಕ ಅದೇ ಸಿಗರೇಟಿನ ಕಂಪನಿಯಲ್ಲಿ ಪಾಲು ಇಟ್ಟುಕೊಳ್ಳಬಹುದೆ ಎಂಬುದು ಅವರ ಪ್ರಶ್ನೆಯ ತಿರುಳು. ಜೀವವಿಮೆಯ ಪಾಲಿಸಿ ಇಲ್ಲದ ನೌಕರನ ಮನೆ ನಮಗೆ ಗೊತ್ತಿಲ್ಲ. 2015ರ ಆಗಸ್ಟಿನಿಂದ ಭವಿಷ್ಯನಿಧಿಯೂ ಹೊಸದಾಗಿ ಬರುವ ಹಣದ ಒಂದಂಶವನ್ನು ಇಟಿಎಫ್‌ಗಳಲ್ಲಿ ಹಾಕುತ್ತಿದೆ, ಮೊದಲು ಶೇಕಡಾ 5, 2017ರಿಂದ ಶೇಕಡಾ 15. ಅಂದರೆ ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಿ ದುಡಿಯುವ, ಷೇರು ಎಂದರೇನೆಂದೂ ಕೇಳದ ಕಾರ್ಮಿಕನೂ ತನಗರಿಯದೆ ಸಿಗರೇಟಿನ ಪಾಲುಗಾರ. ಅವನು ಆರಿಸಿಕೊಂಡವನಲ್ಲ. ನಾವು ಇಟಿಎಫ್ ಕೊಳ್ಳುವವರು ಆರಿಸಿಕೊಂಡವರು.

ಇದಕ್ಕೆ ಸಮಾಧಾನಗಳು ಬೇಕಾದಷ್ಟಿವೆ. ಪಾಲು ತೀರ ಸಣ್ಣದು ಎಂಬುದು ಒಂದು. ನಾವು ಕೊಟ್ಟ ಹಣ ಕಂಪನಿಗೆ ಹೋಗುವುದೇ ಇಲ್ಲ, ಮೊದಲಿದ್ದ ಪಾಲುಗಾರನಿಗೆ ಹೋಗುತ್ತದೆ, ನಾವು ಕೊಳ್ಳದಿದ್ದರೂ ಒಂದು ಸಿಗರೇಟೂ ಕಡಿಮೆಯಾಗದು ಎಂಬುದು ಇನ್ನೊಂದು. ಇದನ್ನು ನಮ್ಮಲ್ಲಿ ಲೆಕ್ಕ ಬಲ್ಲವರು ಹೇಳುತ್ತಾರೆ. ಮಾತು ನಿಜ. ಆದರೆ ಬಾಡಿಗೆದಾರನೊಬ್ಬ ಜುಗಾರಿ ನಡೆಸುತ್ತಿರುವ ಖೋಲಿಯನ್ನು ನಾವು ಹಳೆಯ ಮಾಲಿಕನಿಂದ ಕೊಂಡೆವೆನ್ನಿ. ನಾವು ಕೊಟ್ಟ ಹಣ ಜುಗಾರಿಗೆ ಹೋಗಲಿಲ್ಲ, ಸರಿ. ತಿಂಗಳು ತಿಂಗಳು ಬರುವ ಬಾಡಿಗೆ ಯಾವುದರಿಂದ ಬಂತು? ಚಾಳಿನ ಜನ ಬಂದು ಕೇಳಿದರೆ ಹಳೆಯ ಮಾಲಿಕನನ್ನು ತೋರಿಸಲಾದೀತೆ?

ಮೂರನೆಯ ಸಮಾಧಾನ ಹೆಚ್ಚು ಬಲವಾದುದು. ನಮ್ಮ ಪಗಾರದಲ್ಲೇ ತಂಬಾಕಿನ ತೆರಿಗೆ ಬೆರೆತಿದೆ. ಆ ಹಣದಿಂದಲೇ ಅಕ್ಕಿ, ಆ ಹಣದಿಂದಲೇ ಮಗಳ ಪುಸ್ತಕ. ಹೀಗಿರುವಾಗ ಉಳಿತಾಯದಲ್ಲಿ ಮಾತ್ರ ಮಡಿಯೇಕೆ? ಇಲ್ಲಿ ಮಹಾಭಾರತದ ವನಪರ್ವದ ಧರ್ಮವ್ಯಾಧನ ನೆನಪಾಗುತ್ತದೆ. ಕೋಪದ ಕಣ್ಣಿನಿಂದ ಕೊಕ್ಕರೆಯನ್ನು ಸುಟ್ಟ ಕೌಶಿಕನೆಂಬ ತಪಸ್ವಿಯನ್ನು ಒಬ್ಬ ಗೃಹಿಣಿ ಧರ್ಮ ತಿಳಿದುಕೊಳ್ಳಲೆಂದು ಮಿಥಿಲೆಯ ಮಾಂಸದಂಗಡಿಗೆ ಕಳುಹಿಸುತ್ತಾಳೆ. ತಾನು ಕೊಲ್ಲುವುದಿಲ್ಲ, ಬೇರೆಯವರು ಕೊಂದುದನ್ನು ಮಾರುತ್ತೇನೆ ಎನ್ನುವ ವ್ಯಾಧ, ನೇಗಿಲು ಹೂಡುವವನೂ ನೆಲದೊಳಗಿನ ಎಷ್ಟು ಜೀವಗಳನ್ನು ಕೊಲ್ಲುತ್ತಾನೆಂದು ಕೇಳುತ್ತಾನೆ. ಹಿಂಸೆಯ ಸೋಂಕಿಲ್ಲದ ಬದುಕು ಲೋಕದಲ್ಲಿಲ್ಲ ಎಂಬುದು ಅವನ ಮಾತಿನ ಸಾರ. ಅನೇಕರು ಈ ಕತೆಯನ್ನು ಎಲ್ಲಕ್ಕೂ ಒಂದು ಪರವಾನಗಿ ಎಂಬಂತೆ ಬಳಸುತ್ತಾರೆ. ನಮಗೆ ಇದರಲ್ಲಿ ಕಾಣುವುದು ಬೇರೆಯೇ. ಧರ್ಮವ್ಯಾಧನಿಗೆ ತನ್ನ ಅಂಗಡಿಯ ಹಲಗೆಯ ಮೇಲೆ ಏನಿದೆಯೆಂದು ಸ್ಪಷ್ಟವಾಗಿ ಗೊತ್ತಿತ್ತು. ಅದನ್ನು ಅವನು ಬೇರೆ ಹೆಸರಿನಿಂದ ಕರೆಯಲಿಲ್ಲ, ಬಂದವನಿಗೆ ಮರೆಮಾಚಲಿಲ್ಲ. "ನಾನು ನಿಫ್ಟಿ ಕೊಂಡಿದ್ದೇನೆ, ಅಷ್ಟೇ" ಎನ್ನುವವನು ಅಷ್ಟರಮಟ್ಟಿಗೆ ವ್ಯಾಧನಿಗಿಂತ ಕೆಳಗಿದ್ದಾನೆ.

ಹಾಗಾದರೆ ತಂಬಾಕು, ಮದ್ಯಗಳನ್ನು ಹೊರಗಿಟ್ಟ ಬುಟ್ಟಿಯನ್ನೇ ಕೊಳ್ಳಬಾರದೇಕೆ? ಅಂಥವೂ ಇವೆ. ಇಸ್ಲಾಮಿನ ಷರೀಯತ್ತಿಗೆ ಒಪ್ಪುವ ಕಂಪನಿಗಳ ಇಟಿಎಫ್ ನಮ್ಮ ಪೇಟೆಯಲ್ಲಿ 2009ರಿಂದಲೂ ಇದೆ. ಪರಿಸರ, ಸಮಾಜ, ಆಡಳಿತ ಎಂಬ ಮೂರು ಅಳತೆಗೋಲಿನವು ಆಮೇಲೆ ಬಂದವು. ಜಗತ್ತಿನ ಅತಿ ದೊಡ್ಡ ನಿಧಿಗಳಲ್ಲೊಂದಾದ ನಾರ್ವೆ ಸರಕಾರದ ಪಿಂಚಣಿ ನಿಧಿ 2010ರಲ್ಲಿ ತಂಬಾಕು ತಯಾರಕರನ್ನೆಲ್ಲ ಹೊರಹಾಕಿತು. ಕೇಳಲು ಚೆನ್ನ. ಆದರೆ ಆ ನಿಧಿಗೆ ಹಣ ಬಂದುದು ಸಮುದ್ರದಡಿಯ ಎಣ್ಣೆಯಿಂದ ಎಂಬುದು ನೆನಪಾದರೆ ಸಣ್ಣ ನಗು ಬರುತ್ತದೆ.

ನಗು ಬರುವುದು ಅಣಕಿಸಲಿಕ್ಕಲ್ಲ. ಹೊರಗಿಡುವ ಕೆಲಸ ಎಲ್ಲಿ ನಿಲ್ಲಬೇಕೆಂಬುದೇ ಕಷ್ಟ. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ನಿಫ್ಟಿಗೆ ಸೇರಿದಾಗ ನಮ್ಮ ಜನ ಹೆಮ್ಮೆಪಟ್ಟರು. ಜಾಲಹಳ್ಳಿಯ ಬಿಇಎಲ್ ಎಂದರೆ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಕಾರ್ಖಾನೆ. ಅದು ಮಾಡುವುದು ಸೇನೆಯ ಸಲಕರಣೆ. ಅದು ಒಳಗೋ ಹೊರಗೋ? ತಂಬಾಕಿನಲ್ಲಿಯೂ ಅಷ್ಟೆ: ಹುಣಸೂರು, ಪಿರಿಯಾಪಟ್ಟಣಗಳ ರೈತರು ಬೆಳೆಯುವುದು ಸಿಗರೇಟಿನ ಎಲೆಯನ್ನೇ, ನಿಪ್ಪಾಣಿಯ ತಂಬಾಕಿನ ರೈತರು 1981ರಲ್ಲಿ ನ್ಯಾಯವಾದ ಬೆಲೆಗಾಗಿ ರಸ್ತೆಗಿಳಿದಿದ್ದರು, ದಕ್ಷಿಣ ಕನ್ನಡದಲ್ಲಿ ಬೀಡಿ ಸುತ್ತಿ ಮಕ್ಕಳನ್ನು ಓದಿಸಿದ ತಾಯಂದಿರ ಮಕ್ಕಳು ನಮ್ಮ ಸಂಘದಲ್ಲಿಯೇ ಇದ್ದಾರೆ. ತಂಬಾಕಿನ ಲಾಭವೆಲ್ಲ ಪಾಪ ಎಂದು ಅವರೆದುರು ಹೇಳಲು ನಮಗೆ ಧೈರ್ಯ ಸಾಲದು, ಮನಸ್ಸೂ ಇಲ್ಲ. ಬೆಳೆದವನ ಬೆವರು ಬೇರೆ, ಕುಳಿತಲ್ಲಿಗೆ ಬರುವ ಡಿವಿಡೆಂಡು ಬೇರೆ ಎಂದು ಮಾತ್ರ ಹೇಳಬಹುದು. ಜೊತೆಗೆ, ಆಯ್ದ ಬುಟ್ಟಿಗಳಲ್ಲಿ ಕೆಲವಕ್ಕೆ ಪೇಟೆಯಲ್ಲಿ ಕೊಳ್ಳುವವರೂ ಮಾರುವವರೂ ಕಡಿಮೆ. ಮನಸ್ಸಿನ ನೆಮ್ಮದಿಗೆ ಬೆಲೆಯಲ್ಲಿಯೂ ತೆರಬೇಕಾಗುತ್ತದೆ. ತೆರಲು ಸಿದ್ಧರಿರುವವರು ತೆರಲಿ. ಅವರನ್ನು ಮೂರ್ಖರೆಂದು ಕರೆಯುವವರ ಜೊತೆಗೆ ನಾವಿಲ್ಲ.

ನಮ್ಮಲ್ಲಿ ಹಲವರು ನಿಂತಿರುವುದು ಇನ್ನೊಂದು ಕಡೆ, ಅದನ್ನು ಹೇಳಬೇಕು. ಇಡೀ ಪೇಟೆಯನ್ನು ಕೊಳ್ಳುವಾಗ ಅದರೊಡನೆ ತಂಬಾಕು ಬರುವುದಕ್ಕೂ, ತಂಬಾಕು ದೊಡ್ಡ ಪಾಲಾಗಿರುವ ಬುಟ್ಟಿಯನ್ನೇ ಬೇಕೆಂದು ಆರಿಸುವುದಕ್ಕೂ ವ್ಯತ್ಯಾಸವಿದೆ. 2017ರ ನವೆಂಬರಿನಲ್ಲಿ ಸರಕಾರ ಭಾರತ್ 22 ಎಂಬ ಇಟಿಎಫನ್ನು ಶೇಕಡಾ 3ರ ರಿಯಾಯಿತಿಯೊಡನೆ ಮಾರಾಟಕ್ಕೆ ತಂದಿತು. ಸರಕಾರಿ ಕಂಪನಿಗಳ ಜೊತೆಗೆ ಅದರಲ್ಲಿ ಐಟಿಸಿಯೂ ಇತ್ತು, ಅದೂ ನೂರಕ್ಕೆ ಸುಮಾರು ಹದಿನೈದರಷ್ಟು. ಎಲ್ಲಿಂದ ಬಂತು? ಹಳೆಯ ಯುನಿಟ್ ಟ್ರಸ್ಟು 2003ರಲ್ಲಿ ಎರಡಾಗಿ ಒಡೆದಾಗ ಸರಕಾರದ ಕಡೆಗೆ ಉಳಿದ ಷೇರುಗಳವು. ನಮ್ಮ ಹಿರಿಯರ ಮುಚ್ಚಿದ ಬುಟ್ಟಿಯಲ್ಲಿ ಇದ್ದುದೇ ಸುತ್ತುಬಳಸಿ ತೆರೆದ ಬುಟ್ಟಿಯಾಗಿ ನಮ್ಮ ಬಾಗಿಲಿಗೆ ಬಂದಿತ್ತು! ರಿಯಾಯಿತಿಯ ಆಸೆ ಎಲ್ಲರಿಗೂ ಇತ್ತು. ಆದರೆ ಅಲ್ಲಿ ಪಟ್ಟಿ ಓದಿದವನು ಸಿಗರೇಟನ್ನು ಕೂಡ ಆರಿಸಿದಂತೆಯೇ. ನಿಫ್ಟಿಯಲ್ಲಿ ಅದು ದೇಶದ ವ್ಯಾಪಾರ ಇರುವಂತೆ ಇದೆ. ಇಲ್ಲಿ ಅದು ಆಮಿಷದ ಒಂದು ಭಾಗ. ಮೂರಕ್ಕೂ ಹದಿನೈದಕ್ಕೂ ಇರುವ ಅಂತರ ಬರಿಯ ಅಂಕಗಣಿತವೆಂದು ನಗುವವರಿಗೆ ನಮ್ಮ ಉತ್ತರ, ಆರಿಸುವವನ ಮನಸ್ಸು ಎತ್ತ ಒಲಿಯಿತು ಎಂಬುದೇ ಇಲ್ಲಿ ತೂಕಕ್ಕೆ ಬರುವುದು ಎಂದು. ಹೆಚ್ಚು ಡಿವಿಡೆಂಡು ಕೊಡುತ್ತದೆಂಬ ಒಂದೇ ಕಾರಣಕ್ಕೆ ಇಂಥ ಕಂಪನಿಗಳೇ ತುಂಬಿದ ಬುಟ್ಟಿಯನ್ನು ಹುಡುಕಿ ಕೊಳ್ಳುವವರಿಗೂ ಇದೇ ಮಾತು.

ಇಷ್ಟರಿಂದ ಹೊಣೆ ಕಳೆಯಿತೆಂದಲ್ಲ. ಪಾಲುಗಾರನಿಗೆ ಮತವಿರುತ್ತದೆ, ಇಟಿಎಫ್ ಕೊಂಡವನ ಮತವನ್ನು ಫಂಡಿನವರು ಹಾಕುತ್ತಾರೆ. ಕಂಪನಿಗಳ ನಿರ್ಣಯಗಳ ಮೇಲೆ ಫಂಡುಗಳು ಮತ ಹಾಕಲೇಬೇಕೆಂದು ಸೆಬಿ 2021ರಲ್ಲಿ ಆಜ್ಞೆ ಮಾಡಿತು. ಹೇಗೆ ಹಾಕಿದರೆಂಬುದನ್ನೂ ಅವರು ಪ್ರಕಟಿಸಬೇಕು. ಅದನ್ನು ಓದುವವರು ಎಷ್ಟು ಮಂದಿ? ಒಬ್ಬ ಕಾರಕೂನನಿಗೆ ಚೆನ್ನಾಗಿ ಪಳಗಿದ ಆಯುಧವೆಂದರೆ ಪತ್ರ. ನಮ್ಮ ಹಣದ ಹೆಸರಿನಲ್ಲಿ ನೀವು ಹೀಗೇಕೆ ಮತ ಹಾಕಿದಿರಿ ಎಂದು ಯುನಿಟ್ಟುಗಳ ಸಂಖ್ಯೆ ನಮೂದಿಸಿ ಒಂದು ಪತ್ರ ಬರೆಯುವುದಕ್ಕೆ ಯಾವ ನಡತೆ ನಿಯಮವೂ ಅಡ್ಡಬಾರದು. ಉತ್ತರ ಬಂದೀತು, ಬಾರದಿದ್ದೀತು. ಜ್ಞಾಪನಪತ್ರ ಕಳುಹಿಸುವ ಅಭ್ಯಾಸವೂ ನಮಗೆ ಉಂಟಷ್ಟೆ.

ಕಚೇರಿಯ ಮುಸಲ್ಮಾನ ಗೆಳೆಯರಿಂದ ನಾವು ಇನ್ನೊಂದನ್ನು ಕಲಿತೆವು. ಅವರಲ್ಲಿ ಶ್ರದ್ಧೆಯುಳ್ಳವರು ಹೂಡಿಕೆಯ ಆದಾಯದಲ್ಲಿ ತಮಗೆ ಸಲ್ಲದ ಅಂಶ ಬೆರೆತಿದ್ದರೆ ಅದನ್ನು ಲೆಕ್ಕ ಹಾಕಿ ತೆಗೆದು ದಾನ ಮಾಡುತ್ತಾರೆ. ನಾವೂ ಲೆಕ್ಕ ಹಾಕಿದೆವು. ನಿಫ್ಟಿಯ ಬುಟ್ಟಿಯಲ್ಲಿ ಐದು ಲಕ್ಷ ರೂಪಾಯಿ ಇದ್ದವನಿಗೆ, 2025ರ ಪ್ರಮಾಣದಲ್ಲಿ, ಐಟಿಸಿಯ ಪಾಲು ಸುಮಾರು 17,500. ಅದರ ವರ್ಷದ ಡಿವಿಡೆಂಡು ಸುಮಾರು 600 ರೂಪಾಯಿ. ಹೆಚ್ಚಿನ ಇಟಿಎಫ್‌ಗಳು ಡಿವಿಡೆಂಡನ್ನು ಕೈಗೆ ಕೊಡದೆ ಬುಟ್ಟಿಗೇ ಸೇರಿಸುವುದರಿಂದ ಈ 600 ಪಗಾರದಿಂದಲೇ ಹೋಗಬೇಕು. ಗೋದಿಹಿಟ್ಟಿನ ಲಾಭವನ್ನು ಕಳೆದು ಇನ್ನೂ ಕಡಿಮೆ ಮಾಡಬಹುದೆಂದು ಒಬ್ಬರು ಸೂಚಿಸಿದರು. ಅಷ್ಟು ಸೂಕ್ಷ್ಮಕ್ಕೆ ಹೋಗಲಿಲ್ಲ. ಪರೇಲಿಗೆ ಬರುವ ರೋಗಿಗಳ ಊಟ ವಸತಿಗೆ ಆ ಹಣ ಹೋಗುತ್ತದೆ. ಇದು ಪ್ರಾಯಶ್ಚಿತ್ತವೆ, ಪಾಪಕ್ಕೆ ಕಟ್ಟಿದ ಬಾಡಿಗೆಯೆ ಎಂದು ಹಾಸ್ಯ ಮಾಡುವವರಿದ್ದಾರೆ. 600 ರೂಪಾಯಿಯಿಂದ ಒಬ್ಬನ ಗಂಟಲೂ ವಾಸಿಯಾಗದೆಂಬುದು ನಮಗೂ ಗೊತ್ತು. ಆದರೆ ಆ 600ನ್ನು ಲೆಕ್ಕ ಹಾಕಬೇಕಾದರೆ ಪ್ರತಿವರ್ಷ ಪಟ್ಟಿಯನ್ನು ತೆರೆದು ಓದಲೇಬೇಕು. ಹಾಸ್ಯ ಮಾಡುವವರಿಗೆ ಆ ಕಷ್ಟವಿಲ್ಲ.

ನಿಫ್ಟಿಯ ಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನ ಕೊನೆಗೆ ಬದಲಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಹೀರೊ ಮೋಟೊಕಾರ್ಪ್, ಇಂಡಸ್‌ಇಂಡ್ ಬ್ಯಾಂಕುಗಳು ಹೊರಗೆ ಹೋಗಿ, ಇಂಡಿಗೊ ವಿಮಾನದ ಕಂಪನಿಯೂ ಮ್ಯಾಕ್ಸ್ ಹೆಲ್ತ್‌ಕೇರ್ ಎಂಬ ಆಸ್ಪತ್ರೆಗಳ ಕಂಪನಿಯೂ ಒಳಗೆ ಬಂದವು. ಅಪೋಲೊ ಆಸ್ಪತ್ರೆ 2022ರಲ್ಲಿಯೇ ಬಂದಿತ್ತು. ಸಿಗರೇಟು ಮಾರಿದರೂ ಲಾಭ ನಮಗೆ, ಸೇದಿದವನ ಎದೆಯ ಚಿತ್ರ ತೆಗೆದರೂ ಲಾಭ ನಮಗೆ. ಆ ಸಲ ಪಟ್ಟಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದವರಿಗೆ ಮಕ್ಕಳು ಕೇಳಿದ್ದು, ಇವೆರಡನ್ನೂ ಒಟ್ಟಿಗೆ ಏಕೆ ಕೊಂಡಿರಿ ಎಂದು.